ನಿಮಗಿದು ಗೊತ್ತೇ? ಖಾಲಿ ಕೊಳದ ಹಠಮಾರಿ ಪಾಚಿ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬೇಸಿಗೆ ಬಂತೆಂದರೆ ಮಕ್ಕಳು ಮೊದಲು ಓಡುವುದು ತೋಟದ ಬಾವಿಗೆ, ಪಂಪ್‌ಸೆಟ್ಟಿನ ಸಿಮೆಂಟ್ ತೊಟ್ಟಿಗೆ. ಈಚೆಗೆ ತೇನಿ, ದಿಂಡಿಗಲ್ ಕಡೆಯ ರೆಸಾರ್ಟುಗಳಲ್ಲಿ, ತೋಟದ ಮನೆಗಳಲ್ಲಿ ನೀಲಿ ಟೈಲ್ಸಿನ ಈಜುಕೊಳಗಳೂ ಬಂದಿವೆ. ತೊಟ್ಟಿಯೋ ಕೊಳವೋ, ನೀರು ಬಿಟ್ಟು ಖಾಲಿ ಮಾಡಿದ ದಿನ ಗೋಡೆಗೆ ಕಚ್ಚಿಕೊಂಡು ಕಾಣುವುದು ಪಾಚಿಯೇ. ಅದರ ಸುತ್ತಮುತ್ತಲಿನ ಒಂದಷ್ಟು ಸಂಗತಿಗಳು ಇಲ್ಲಿವೆ. ಕೆಲವು ಕೆಲಸಕ್ಕೆ ಬರುತ್ತವೆ, ಕೆಲವು ಬರೀ ಸ್ವಾರಸ್ಯಕ್ಕೆ.

ಬಿಸಿಲಿಗೆ ಒಣಗಿಸಿದರೆ ಪಾಚಿ ಸಾಯುತ್ತದೆ ಎಂದು ನಂಬಿ ಕೊಳವನ್ನು ವಾರಗಟ್ಟಲೆ ಖಾಲಿ ಬಿಡುವವರಿದ್ದಾರೆ. ಆದರೆ ಸಸ್ಯಸಂಗ್ರಹಾಲಯದ ಕಾಗದದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಒಣಗಿ ಬಿದ್ದಿದ್ದ ನಾಸ್ಟಾಕ್ ಎಂಬ ಪಾಚಿಯಂಥ ಜೀವಿ, ನೀರು ಕಂಡೊಡನೆ ಮತ್ತೆ ಬೆಳೆಯತೊಡಗಿದ್ದು ವಿಜ್ಞಾನದ ದಾಖಲೆಯಲ್ಲಿದೆ. ಅದರ ಮುಂದೆ ತೇನಿಯ ಒಂದು ತಿಂಗಳ ಬಿಸಿಲು ಯಾವ ಲೆಕ್ಕ? ಒಣಗಿದ ಪಾಚಿ ಬಣ್ಣ ಬಿಟ್ಟು ಬೂದಿಯಂತೆ ಕಾಣುತ್ತದೆ, ಅಷ್ಟೇ.

ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತು, ಎಷ್ಟು ಉಜ್ಜಿದರೂ ಹೋಗದ ‘ಕಪ್ಪು ಪಾಚಿ’ ಅಸಲಿಗೆ ಪಾಚಿಯೇ ಅಲ್ಲ, ಅದು ಬ್ಯಾಕ್ಟೀರಿಯಾ ವಂಶದ್ದು. ಸಯನೋಬ್ಯಾಕ್ಟೀರಿಯಾ (ರೂಢಿಯ ಮಾತಿನಲ್ಲಿ ನೀಲಿ-ಹಸಿರು ಪಾಚಿ) ಎಂಬ ಈ ಗುಂಪು ಗಿಡಗಳಂತೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಕೊಳ ತೊಳೆಯುವವರು ಅದಕ್ಕೆ ಬೇರಿದೆ ಎನ್ನುತ್ತಾರೆ. ನಿಜವಾದ ಬೇರಲ್ಲ, ಎಳೆಗಳು ಗಾರೆಯ ಸಣ್ಣ ರಂಧ್ರಗಳೊಳಗೆ ಇಳಿದಿರುತ್ತವೆ. ಮೇಲೆ ಲೋಳೆಯ ಕವಚ ಬೇರೆ. ಕ್ಲೋರಿನ್ ನೀರು ಆ ಲೋಳೆಯ ಮೇಲೆ ಹರಿದುಹೋಗುತ್ತದೆ, ಒಳಗಿನ ಜೀವಕ್ಕೆ ತಟ್ಟುವುದಿಲ್ಲ. ಆದ್ದರಿಂದ ಮೊದಲು ಬ್ರಷ್, ಆಮೇಲೆ ಔಷಧಿ. ಈ ಕ್ರಮ ತಿರುಗುಮುರುಗಾದರೆ ದುಡ್ಡು ಚರಂಡಿ ಪಾಲು. ನುಣುಪಾದ ಟೈಲ್ಸಿನ ಮೇಲೆ ಇದು ಅಪರೂಪ. ಟೈಲ್ಸಿನ ಸಂದಿನ ಸಿಮೆಂಟಿನಲ್ಲಿ ಮಾತ್ರ ಸಾಲಾಗಿ ಕೂರುತ್ತದೆ.

ಭಾರತದ ಪಾಚಿಶಾಸ್ತ್ರದ ಪಿತಾಮಹ ಎನಿಸಿಕೊಂಡವರು ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ (1886–1963), ಮದರಾಸಿನ ಪ್ರಾಧ್ಯಾಪಕರು. ಒದ್ದೆ ಮಣ್ಣಿನ ಮೇಲೆ ಬೆಳೆಯುವ ಒಂದು ಹಸಿರು ಪಾಚಿಯನ್ನು 1932ರಲ್ಲಿ ಲೋಕಕ್ಕೆ ಪರಿಚಯಿಸಿ, ಇಂಗ್ಲೆಂಡಿನ ಪಾಚಿತಜ್ಞ ಫ್ರಿಟ್ಷ್ ಅವರ ಗೌರವಕ್ಕೆ ಅದನ್ನು ಫ್ರಿಟ್ಷಿಯೆಲ್ಲಾ ಎಂದು ಕರೆದರು. ನೀರಿನ ಪಾಚಿ ನೆಲದ ಗಿಡವಾದದ್ದು ಹೇಗೆ ಎಂಬ ಚರ್ಚೆ ಬಂದಾಗಲೆಲ್ಲ ಈ ಪುಟ್ಟ ಜೀವಿಯ ಹೆಸರು ಬರುತ್ತದೆ. ನೀಲಿ-ಹಸಿರು ಪಾಚಿಗಳ ಬಗ್ಗೆ 1959ರಲ್ಲಿ ಬಂದ ‘ಸಯನೋಫೈಟಾ’ ಎಂಬ ದಪ್ಪ ಗ್ರಂಥ ಟಿ.ವಿ. ದೇಶಿಕಾಚಾರಿ ಅವರದು. ಕೊಳದ ಗೋಡೆಯಿಂದ ನಾವು ಬೈದುಕೊಂಡು ಕೆರೆಯುವುದನ್ನು ಇವರು ಸೂಕ್ಷ್ಮದರ್ಶಕದ ಕೆಳಗಿಟ್ಟು ಆಯುಷ್ಯ ಕಳೆದರು.

ನೀರು ಹಸಿರಾಯಿತೆಂದು ಕೊಳ ಖಾಲಿ ಮಾಡಲೇಬೇಕೇ? ಬಹಳಷ್ಟು ಸಲ ಬೇಕಿಲ್ಲ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 3,75,000 ಲೀಟರ್ ನೀರು ಹಿಡಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 62 ಲೋಡು ತಂದರೂ ಸ್ವಲ್ಪ ಕಡಿಮೆಯೇ. ಮಳೆ ನೆರಳಿನ ಸೀಮೆಯಲ್ಲಿ, ಕೊಳವೆಬಾವಿ ಕೊರೆದು ಕೊರೆದು ಸೋತ ತೋಟಗಳ ನಡುವೆ, ಅಷ್ಟು ನೀರನ್ನು ಹೊರಗೆ ಬಿಡುವ ಮುನ್ನ ಎರಡು ಸಲ ಯೋಚಿಸಬೇಕು. ತೇಲುವ ಹಸಿರು ಪಾಚಿಯನ್ನು ಉಜ್ಜುವುದು, ಕ್ಲೋರಿನ್ ಏರಿಸುವುದು, ಫಿಲ್ಟರ್ ಹಗಲೂರಾತ್ರಿ ಓಡಿಸುವುದು, ಇಷ್ಟರಿಂದಲೇ ನೀಗಿಸಬಹುದು. ಗಾರೆಯೊಳಗೆ ಇಳಿದ ಕಪ್ಪು ಚುಕ್ಕೆ, ವರ್ಷಗಳ ಕಲೆ, ಬಿರುಕು ರಿಪೇರಿ ಇದ್ದಾಗ ಮಾತ್ರ ಖಾಲಿ ಮಾಡುವುದರಲ್ಲಿ ಅರ್ಥವಿದೆ.

ಖಾಲಿ ಕೊಳ ನೆಲದಿಂದ ಮೇಲೆದ್ದು ಬರಬಹುದು. ತಮಾಷೆಯಲ್ಲ. ಸುತ್ತಲಿನ ಮಣ್ಣಿನಲ್ಲಿ ಅಂತರ್ಜಲ ಮೇಲಿದ್ದಾಗ ಅದು ಕೊಳದ ತಳವನ್ನು ಕೆಳಗಿನಿಂದ ಒತ್ತುತ್ತಿರುತ್ತದೆ. ಒಳಗೆ ನೀರಿದ್ದಷ್ಟು ದಿನ ಅದರ ಭಾರ ಈ ಒತ್ತಡವನ್ನು ಸರಿದೂಗಿಸುತ್ತದೆ. ಖಾಲಿಯಾದ ಮೇಲೆ, ತಳಕ್ಕಿಂತ ಒಂದು ಮೀಟರ್ ಮೇಲೆ ಅಂತರ್ಜಲ ನಿಂತಿದ್ದರೂ ಪ್ರತಿ ಚದರ ಮೀಟರಿಗೆ ಒಂದು ಟನ್ ಎತ್ತುವ ಬಲ ಹುಟ್ಟುತ್ತದೆ. ಮೇಲೆ ಹೇಳಿದ ಅಳತೆಯ ಕೊಳಕ್ಕೆ ಅದು 250 ಟನ್. ತಳ ಬಿರಿಯುತ್ತದೆ, ಇಲ್ಲವೇ ಇಡೀ ತೊಟ್ಟಿಯೇ ದೋಣಿಯಂತೆ ಏಳುತ್ತದೆ. ಇದಕ್ಕೆಂದೇ ತಿಳಿದವರು ಕಟ್ಟಿದ ಕೊಳದ ತಳದಲ್ಲಿ ಒತ್ತಡ ಬಿಡುವ ವಾಲ್ವ್ ಇರುತ್ತದೆ.

ಕಂಬಂ ಕಣಿವೆಯವರಿಗೆ ಈ ಮಾತು ಇನ್ನೂ ಹತ್ತಿರದ್ದು. ಮುಲ್ಲಪೆರಿಯಾರ್ ಅಣೆಕಟ್ಟೆ 1895ರಲ್ಲಿ ಮುಗಿದ ಮೇಲೆ ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನೀರು ಘಟ್ಟದೊಳಗಿನ ಸುರಂಗ ದಾಟಿ ಈ ಕಡೆಗೆ ಬಂತು. ಇವತ್ತಿಗೂ ಕಣಿವೆಯ 14,707 ಎಕರೆ ಎರಡು ಬೆಳೆ ಗದ್ದೆಗೆ ಸಾಮಾನ್ಯವಾಗಿ ಜೂನ್ ಮೊದಲ ದಿನಗಳಲ್ಲಿ ನೀರು ಬಿಡುತ್ತಾರೆ. ಗದ್ದೆಯಲ್ಲಿ ನೀರು ನಿಂತರೆ ಪಕ್ಕದ ತೋಟದ ಬಾವಿಯಲ್ಲೂ ನೀರು ಏರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಅಂದರೆ ಗದ್ದೆ ಬದಿಯ ಕೊಳ ಖಾಲಿ ಮಾಡಲು ಜೂನ್‌ನಿಂದ ಡಿಸೆಂಬರ್ ಒಳ್ಳೆಯ ಕಾಲವಲ್ಲ. ಏಪ್ರಿಲ್, ಮೇ ಬಿಸಿಲಿಗೆ ಬೋಳು ಗಾರೆ ಒಣಗಿ ಬಿರುಕು ಬಿಡುತ್ತದೆ. ಉಳಿದದ್ದು ಫೆಬ್ರವರಿ ಆಸುಪಾಸು. ಪಕ್ಕದ ಬಾವಿಗೆ ಇಣುಕಿ ನೋಡಿ ನೀರಿನ ಮಟ್ಟ ಕೊಳದ ತಳಕ್ಕಿಂತ ಕೆಳಗಿದೆಯೇ ಎಂದು ಖಚಿತ ಮಾಡಿಕೊಂಡರೆ ಯಾವ ಎಂಜಿನಿಯರನ್ನೂ ಕೇಳಬೇಕಿಲ್ಲ.

ಕಬ್ಬಿಣದ ತಂತಿ ಬ್ರಷ್ಷಿನಿಂದ ಗಾರೆ ಉಜ್ಜಿದರೆ ಮುರಿದ ತಂತಿಯ ಚೂರುಗಳು ಅಲ್ಲೇ ಉಳಿದು, ನೀರು ತುಂಬಿದ ಮೇಲೆ ತುಕ್ಕಿನ ಕಲೆ ಮೂಡುತ್ತದೆ. ಗಾರೆಗೆ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್. ಟೈಲ್ಸ್, ಫೈಬರ್‌ಗೆ ನೈಲಾನ್. ಪ್ರೆಷರ್ ವಾಷರ್ ಹಿಡಿದು ಒಂದೇ ಕಡೆ ಹೊಡೆದರೆ ಪಾಚಿಯ ಜೊತೆಗೆ ಗಾರೆಯೂ ಕಿತ್ತು ಬರುತ್ತದೆ. ಹಾಗೆ ಆದ ಹೊಸ ಗುಳಿಗಳೇ ಮುಂದಿನ ಪಾಚಿಗೆ ಮನೆ.

ಬ್ಲೀಚಿಂಗ್ ಪೌಡರಿಗೆ ಇನ್ನೂರು ವರ್ಷಕ್ಕೂ ಹೆಚ್ಚಿನ ವಯಸ್ಸು. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಪೇಟೆಂಟ್ ಪಡೆದದ್ದು ಬಟ್ಟೆ ಬಿಳಿ ಮಾಡುವುದಕ್ಕೆ. ಒಳ್ಳೆಯ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ಇರುತ್ತದೆ. ತಗಡಿನ ಶೆಡ್ಡಿನಲ್ಲಿ, ಬಾಯಿ ತೆರೆದ ಚೀಲದಲ್ಲಿ ಇಟ್ಟರೆ ತಿಂಗಳು ತಿಂಗಳಿಗೆ ಅದು ಬರೀ ಸುಣ್ಣವಾಗುತ್ತಾ ಹೋಗುತ್ತದೆ. ಮೂಗಿಗೆ ಘಾಟು ಬಾರದ ಪುಡಿಯನ್ನು ಎಷ್ಟು ಸುರಿದರೂ ಪಾಚಿ ಜಗ್ಗುವುದಿಲ್ಲ. ಕುಡಿಯುವ ನೀರಿಗೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು ಎಂಬುದು ಆರೋಗ್ಯ ಕಾರ್ಯಕರ್ತರಿಗೆಲ್ಲ ಬಾಯಿಪಾಠವಾದ ಲೆಕ್ಕ.

ಅದೇ ಪುಡಿಯನ್ನು ಯೂರಿಯಾ ಚೀಲದ ಪಕ್ಕ ಇಡುವವರು ಗಮನಿಸಿ. ಬ್ಲೀಚಿಂಗ್ ಪೌಡರ್ ಮತ್ತು ಯೂರಿಯಾ ಒದ್ದೆಯಾಗಿ ಬೆರೆತರೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸಿಡಿಯುವ ವಸ್ತು ಹುಟ್ಟಬಹುದು. ಈಜುಕೊಳದ ಕ್ಲೋರಿನ್ ಮಾತ್ರೆಗಳಲ್ಲೂ ಎರಡು ಜಾತಿ. ಒಂದರ ಡಬ್ಬದ ಅಳತೆ ಲೋಟವನ್ನು ಇನ್ನೊಂದರಲ್ಲಿ ಅದ್ದಿದ್ದಕ್ಕೇ ಬೆಂಕಿ ಹತ್ತಬಹುದು. ತೋಟದ ಉಗ್ರಾಣದಲ್ಲಿ ಎಲ್ಲವನ್ನೂ ಒಂದೇ ಮೂಲೆಗೆ ತಳ್ಳುವ ನಮ್ಮ ಅಭ್ಯಾಸ ಒಳ್ಳೆಯದಲ್ಲ.

ಈಗ ಆಸಿಡ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಖಾಲಿ ಕೊಳದಲ್ಲಿ ಪಾಚಿಗಿಂತ ಹೆಚ್ಚು ತೊಂದರೆ ಕೊಡುವುದು ಪಾಚಿ ತೆಗೆಯುವ ಆತುರ. ಅಂಗಡಿಯ ಹೈಡ್ರೋಕ್ಲೋರಿಕ್ ಆಸಿಡ್ ಪಾಚಿಯನ್ನು ಕೊಲ್ಲುತ್ತದೆ ಎನ್ನುವುದಕ್ಕಿಂತ ಪಾಚಿ ಕೂತಿರುವ ಗಾರೆಯ ಪದರವನ್ನೇ ಕರಗಿಸುತ್ತದೆ ಎನ್ನುವುದು ಸರಿ. ಬುಸ್ಸೆಂದು ಏಳುವ ನೊರೆ ಸುಣ್ಣದ ಅಂಶ ಕರಗಿ ಹೊರಬರುವ ಇಂಗಾಲದ ಡೈಆಕ್ಸೈಡ್. ಅಂದರೆ ಪ್ರತಿ ಆಸಿಡ್ ತೊಳೆತಕ್ಕೂ ಕೊಳದ ಆಯಸ್ಸು ಒಂದಿಷ್ಟು ಸವೆಯುತ್ತದೆ. ವರ್ಷ ವರ್ಷವೂ ಮಾಡುವ ಕೆಲಸವಲ್ಲ ಇದು. ಬೇಕೇ ಬೇಕೆಂದರೆ ಕ್ರಮ ಹೀಗೆ: ಮೊದಲು ಒಣ ಪಾಚಿಯನ್ನು ಉಜ್ಜಿ ಕೆಡವಿ, ಗುಡಿಸಿ ಹೊರಗೆ ಹಾಕಿ. ಸ್ಟೀಲ್ ಏಣಿಯನ್ನು ಬಿಚ್ಚಿಡಿ, ಆಸಿಡ್ ಹೊಗೆ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ಹಾಕಿ, ಅದಕ್ಕೆ ಅಷ್ಟೇ ಆಸಿಡ್ಡನ್ನು ಮೆಲ್ಲಗೆ ಸುರಿಯಿರಿ. ಆಸಿಡ್ಡಿಗೆ ನೀರು ಸುರಿದರೆ ಬಿಸಿಯೇರಿ ಮುಖಕ್ಕೆ ಸಿಡಿಯಬಹುದು. ಗೋಡೆಯನ್ನು ಪೈಪಿನಿಂದ ಒದ್ದೆ ಮಾಡಿಕೊಂಡು ಒಂದೊಂದೇ ಪಟ್ಟಿಯಂತೆ ಮೇಲಿನಿಂದ ಕೆಳಕ್ಕೆ ಹೊಯ್ಯಿರಿ. ಅರ್ಧ ನಿಮಿಷ ಬಿಡಿ, ಉಜ್ಜಿ, ತೊಳೆಯಿರಿ. ಆಮೇಲೆ ಪಕ್ಕದ ಪಟ್ಟಿ. ಇಡೀ ಗೋಡೆಗೆ ಒಟ್ಟಿಗೆ ಹೊಯ್ದು ಬೀಡಿ ಹಚ್ಚಿ ಕೂತರೆ, ಪಾಚಿ ಹೋದ ಜಾಗದಲ್ಲಿ ಮರಳು ಎದ್ದು ಕಾಣುತ್ತದೆ.

ತಳದಲ್ಲಿ ನಿಂತ ಆಸಿಡ್ ನೀರಿಗೆ ವಾಷಿಂಗ್ ಸೋಡಾ ಹಾಕುತ್ತಾ ಹೋಗಿ. ನೊರೆ ಏಳುವುದು ನಿಂತರೆ ಆಸಿಡ್ ಸತ್ತಿದೆ ಎಂದು ಲೆಕ್ಕ. ಆಮೇಲಷ್ಟೇ ಅದನ್ನು ಹೊರಗೆ ಬಿಡಬಹುದು, ಅದೂ ಬಾವಿಯ ಕಡೆಗಲ್ಲ.

ಕೊಳದ ಆಳದ ತುದಿಯೇ ಅಪಾಯದ ತುದಿ. ಮೊದಲೇ ಬ್ಲೀಚಿಂಗ್ ಪೌಡರ್ ಬಳಿದ ಗೋಡೆಯನ್ನು ಸರಿಯಾಗಿ ತೊಳೆಯದೆ ಅದರ ಮೇಲೆ ಆಸಿಡ್ ಹೊಯ್ದರೆ ಹಳದಿ-ಹಸಿರು ಹೊಗೆ ಏಳುತ್ತದೆ. ಅದೇ ಕ್ಲೋರಿನ್ ಅನಿಲ, ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರಿ ಚದುರುವುದಿಲ್ಲ, ಇಳಿಜಾರಿನಲ್ಲಿ ಜಾರಿ ಆಳದ ತುದಿಯಲ್ಲಿ ನಿಲ್ಲುತ್ತದೆ. ಬಗ್ಗಿ ಉಜ್ಜುವವನ ಮೂಗು ಅಲ್ಲೇ ಇರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಯುದ್ಧಕ್ಕೆ ಬಿಟ್ಟದ್ದು ಇದೇ ಅನಿಲ. ಕಂದಕಗಳಲ್ಲಿ ಅಡಗಿದ್ದ ಸೈನಿಕರನ್ನು ಅದು ಹುಡುಕಿಕೊಂಡು ಹೋದದ್ದು ಭಾರದ ಗುಣದಿಂದಲೇ. ಆದ್ದರಿಂದ ಕ್ಲೋರಿನ್ ಒಂದು ದಿನ, ಆಸಿಡ್ ಬೇರೆ ದಿನ, ನಡುವೆ ಹೇರಳವಾಗಿ ನೀರು. ಕೊಳಕ್ಕೆ ಒಬ್ಬನೇ ಇಳಿಯಬಾರದು, ಮೇಲೊಬ್ಬ ನೋಡುತ್ತಿರಬೇಕು. ಕರವಸ್ತ್ರ ಕಟ್ಟಿಕೊಂಡರೆ ಅನಿಲ ನಿಲ್ಲುವುದಿಲ್ಲ.

ಅಂದಹಾಗೆ, ಆಸಿಡ್ ಕೊಳ್ಳಲು ಗುರುತಿನ ಚೀಟಿ ತೋರಿಸಬೇಕು, 18 ದಾಟಿರಬೇಕು. ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಆದೇಶ ಇದು. ಆಸಿಡ್ ದಾಳಿಗೆ ಗುರಿಯಾದ ಲಕ್ಷ್ಮಿ ಎಂಬ ದಿಟ್ಟ ಹೆಣ್ಣುಮಗಳು ಹೂಡಿದ ಮೊಕದ್ದಮೆಯ ಫಲ.

ದ್ರಾಕ್ಷಿ ತೋಟದವರ ಮನೆಯಲ್ಲಿ ಪಾಚಿಯ ಇನ್ನೊಂದು ಶತ್ರು ಯಾವಾಗಲೂ ಇರುತ್ತದೆ, ಮೈಲುತುತ್ತ. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ 1904ರಲ್ಲೇ ಕುಡಿಯುವ ನೀರಿನ ಕೆರೆಗಳ ಪಾಚಿಗೆ ಇದನ್ನು ಬಳಸಿ ತೋರಿಸಿದ್ದರು. ಅದಕ್ಕೂ ಹಿಂದಿನ ಕಥೆ ಇನ್ನೂ ಚೆನ್ನ. ಫ್ರಾನ್ಸಿನ ಮೆಡೋಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರೈತರು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಕಂಡ. 1885ರ ಹೊತ್ತಿಗೆ ಬೋರ್ಡೋ ದ್ರಾವಣ ಹುಟ್ಟಿತು. ಇದೇ ದ್ರಾವಣದಿಂದ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಹಿಡಿದು ನಿಲ್ಲಿಸಿದವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಕಂಬಂನ ಪನ್ನೀರ್ ದ್ರಾಕ್ಷಿಗೂ ಫ್ರಾನ್ಸಿನ ನಂಟಿದೆ. 1832ರಲ್ಲಿ ತಮಿಳುನಾಡಿಗೆ ಈ ತಳಿಯನ್ನು ತಂದದ್ದು ಒಬ್ಬ ಫ್ರೆಂಚ್ ಪಾದ್ರಿ ಎನ್ನುತ್ತಾರೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು.

ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕದಡಬಾರದು ಎಂಬುದು ಅಡಿಕೆ, ಕಾಫಿ, ದ್ರಾಕ್ಷಿ ಬೆಳೆಯುವ ಮೂವರಿಗೂ ಗೊತ್ತು. ತಾಮ್ರವೆಲ್ಲ ಬಕೆಟ್ಟಿಗೇ ಅಂಟುತ್ತದೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ಕ್ಷಣಕಾಲ ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಈಜುಕೊಳಕ್ಕೆ ಮೈಲುತುತ್ತ ಹಾಕುವ ಮುನ್ನ ಮೂರು ಮಾತು ತಿಳಿದಿರಲಿ. ಗಡಸು ನೀರಿನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಮೀನಿಗೆ ಅದು ವಿಷ, ಕುರಿಗೂ ಕೆಟ್ಟದ್ದು. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯಲಾರದು. ಇನ್ನು ಈಜುಕೊಳದಲ್ಲಿ ಬಿಳಿ ಕೂದಲು ಹಸಿರಾಗುವುದು ಕ್ಲೋರಿನ್ನಿನಿಂದ ಅಲ್ಲ, ಈ ತಾಮ್ರದಿಂದ.

ಕುರಿಯಿಂದ ಈಗ ದನದ ಕಡೆಗೆ ಬರೋಣ. ಮದುರೆ ಸೀಮೆಯ ಕನ್ನಡ ಒಕ್ಕಲು ಜನ ಎಂದು ಎಡ್ಗರ್ ಥರ್ಸ್ಟನ್ 1909ರ ಸಂಪುಟಗಳಲ್ಲಿ ಬರೆದದ್ದು ಕಪ್ಪಿಲಿಯರನ್ನು, ಅನುಪ್ಪರನ್ನು ಕುರಿತು. ಕಂಬಂನ ಕಪ್ಪಿಲಿಯರು ದೇವರ ಹೆಸರಿನಲ್ಲಿ ಸಾಕುವ ದನದ ಮಂದೆಗೆ ‘ತಂಬಿರಾನ್ ಮಾಡು’ ಎಂದು ಹೆಸರು. ಆ ಮಂದೆಗೊಂದು ಪಟ್ಟದ ಹೋರಿ. 1906ರ ಮದುರೆ ಗೆಜೆಟಿಯರಿನಲ್ಲೂ ಇದರ ವಿವರವಿದೆ. ಹೊಸ ಹೋರಿಯನ್ನು ಆರಿಸುವಾಗ ಕಬ್ಬಿನ ಕಂತೆ ಮುಂದಿಟ್ಟು, ಯಾವ ಎಳೆ ಹೋರಿ ಬಂದು ತಿನ್ನುವುದೋ ಅದಕ್ಕೆ ಪಟ್ಟ. ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಮಂದೆಯ ದೊಡ್ಡಿಗೆ ಜನಜಾತ್ರೆ.

ದನದ ಮಾತು ಬಂದದ್ದಕ್ಕೆ ಕಾರಣವಿದೆ. ಕಲ್ಲಿನ ಬಾನಿಯ ಪಾಚಿಯನ್ನು ಹಸುಗಳು ಮೂತಿಯಲ್ಲಿ ಸರಿಸಿ ನೀರು ಕುಡಿಯುತ್ತವೆ, ಸಾಮಾನ್ಯ ಹಸಿರು ಪಾಚಿಯಿಂದ ಅವಕ್ಕೆ ಏನೂ ಆಗುವುದಿಲ್ಲ. ನೀಲಿ-ಹಸಿರು ಬಣ್ಣ ಚೆಲ್ಲಿದಂತೆ ತೇಲುವ ಕೆನೆ ಮಾತ್ರ ಬೇರೆ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರೀನಾ ಸರೋವರದಲ್ಲಿ ಇಂಥ ಕೆನೆ ಕುಡಿದ ಕುರಿ, ಕುದುರೆ, ದನಗಳು ಗಂಟೆಗಳಲ್ಲಿ ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪಾಚಿ ವಿಷದ ಮೊದಲ ವೈಜ್ಞಾನಿಕ ವರದಿ ಎಂದು ಅದನ್ನು ಎಣಿಸುತ್ತಾರೆ. ಬಾನಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ತೆಂಗಿನ ನಾರಿನಲ್ಲಿ ಉಜ್ಜಿ ಸುಣ್ಣ ಬಳಿಯುವ ಹಳೆಯ ರೂಢಿ ದಡ್ಡತನದ್ದಲ್ಲ. ಸುಣ್ಣದ ಕ್ಷಾರಕ್ಕೆ ಬಾಳುವ ಪಾಚಿ ಕಡಿಮೆ.

ಇದೇ ನೀಲಿ-ಹಸಿರು ಪಾಚಿ ಗದ್ದೆಯಲ್ಲಿ ಪುಕ್ಕಟೆ ಗೊಬ್ಬರ. ಭತ್ತದ ಗದ್ದೆ ವರ್ಷಾನುವರ್ಷ ಬೆಳೆ ಕೊಡುವುದರ ಹಿಂದೆ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಈ ಜೀವಿಗಳಿವೆ ಎಂದು ಪಿ.ಕೆ. ಡೇ 1939ರಲ್ಲಿ ತೋರಿಸಿದರು. ಕಣಿವೆಯ ರೈತ ಗದ್ದೆಗೆ ಇಳಿದಾಗ ಅದನ್ನು ತುಳಿದು ಮಣ್ಣಿಗೆ ಸೇರಿಸುತ್ತಾನೆ, ತೊಟ್ಟಿಗೆ ಬಂದಾಗ ಅದನ್ನೇ ಕೆರೆದು ಎಸೆಯುತ್ತಾನೆ.

ನುಗ್ಗೆ ಬೀಜ ಪಾಚಿ ಕೊಲ್ಲುತ್ತದೆಯೇ? ಇಲ್ಲ. ರಾಡಿ ನೀರನ್ನು ತಿಳಿ ಮಾಡುತ್ತದೆ. ಬೀಜದೊಳಗಿನ ಒಂದು ಪ್ರೋಟೀನ್ ತೇಲುವ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಇಳಿಸುತ್ತದೆ. ನೈಲ್ ನದಿ ದಂಡೆಯ ಸುಡಾನ್ ಹೆಂಗಸರು ಇದನ್ನು ಬಹಳ ಹಿಂದಿನಿಂದ ಬಲ್ಲರು. ಹಿತ್ತಿಲಲ್ಲಿ ಮರವಾಗಿದ್ದ ನುಗ್ಗೆಯನ್ನು ಹೊಲದ ಬೆಳೆಯಾಗಿಸಿದ ಪಿಕೆಎಂ-1 ತಳಿಯ ‘ಪಿಕೆಎಂ’ ತೇನಿ ಜಿಲ್ಲೆಯ ಪೆರಿಯಕುಳಂ. ಅಲ್ಲಿನ ತೋಟಗಾರಿಕೆ ಕಾಲೇಜು 1989ರಲ್ಲಿ ಅದನ್ನು ಬಿಡುಗಡೆ ಮಾಡಿತು. ಕರ್ನಾಟಕದ ಬಯಲುಸೀಮೆಯಲ್ಲಿ ಉದ್ದುದ್ದ ಕಾಯಿ ಬಿಡುವ ನುಗ್ಗೆ ಬಹಳ ಕಡೆ ಇದೇ.

ಪೆರಿಯಕುಳಂ ಸಮೀಪದ ಕುಂಬಕ್ಕರೈ ಜಲಪಾತದ ಬಂಡೆಗುಂಡಿಗಳಿಗೆ ಆನೆ, ಕುದುರೆ, ಹಾವಿನ ಹೆಸರುಗಳಿವೆ. ಅಲ್ಲಿ ಜಾರಿಸುವುದು ಕಣ್ಣಿಗೆ ಕಾಣುವ ಹಸಿರಿಗಿಂತ ಕಾಣದ ಲೋಳೆ. ಪಾಚಿ ಮತ್ತು ಬ್ಯಾಕ್ಟೀರಿಯಾ ಸೇರಿ ಹೆಣೆದ ತೆಳು ಪೊರೆಯೊಳಗೆ ನೀರು ಸಿಕ್ಕಿಕೊಂಡು ಕಾಲಿನಡಿ ಎಣ್ಣೆಯ ಕೆಲಸ ಮಾಡುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ಇದಕ್ಕೂ ಮದ್ದು. ಬೆಳಕು ಸಿಗದ ನೆಲದಲ್ಲಿ ಪಾಚಿ ಹಿಡಿಯುವುದಿಲ್ಲ. ತೋಟದ ತೊಟ್ಟಿಗೂ ಇದು ಸಲ್ಲುತ್ತದೆ. ಮುಚ್ಚಿಟ್ಟ ತೊಟ್ಟಿಯಲ್ಲಿ ಪಾಚಿ ಬೆಳೆಯಲಾರದು, ಯಾವ ಔಷಧಿಯೂ ಬೇಡ.

ತೊಟ್ಟಿ, ಹೊಂಡಗಳ ಮಾತು ಬಂದಾಗ ದಿಂಡಿಗಲ್ ಕೋಟೆಯೂ ನೆನಪಾಗುತ್ತದೆ. ಅಲ್ಲಿಗೆ ಹೈದರ್ ಅಲಿ 1755ರಲ್ಲಿ ಫೌಜುದಾರನಾಗಿ ಬಂದ. ಅವನು ದೊಡ್ಡವನಾಗಿ ಬೆಳೆದದ್ದು ಇಲ್ಲಿಂದಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೋಟೆ ಮೈಸೂರಿನ ಕೈತಪ್ಪಿತು. ಬೋಳು ಬಂಡೆಯ ಮೇಲಿನ ಆ ಕೋಟೆಗೆ ಮಳೆನೀರಿನ ಹೊಂಡಗಳೇ ಆಧಾರವಾಗಿದ್ದವು.

ಕೊಡೈಕೆನಾಲ್ ಸರೋವರ ಮನುಷ್ಯ ಕಟ್ಟಿದ್ದು. ಮದುರೆಯ ಕಲೆಕ್ಟರ್ ಆಗಿದ್ದ ವೀರ್ ಹೆನ್ರಿ ಲೆವಿಂಜ್ 1863ರಲ್ಲಿ ತೊರೆಗೆ ಒಡ್ಡು ಹಾಕಿಸಿದರು. ಅದನ್ನು ಖಾಲಿ ಮಾಡಿ ಉಜ್ಜುವಂತಿಲ್ಲ, ಹಾಗಾಗಿ ಅಲ್ಲಿ ಜೊಂಡು, ಕಳೆ ತೆಗೆಯುವ ಕೆಲಸಕ್ಕೆ ಕೊನೆಯೇ ಇಲ್ಲ.

ಖಾಲಿ ಮಾಡಲು ಬರುವಂತೆ ಕೊಳ ಕಟ್ಟುವ ಜಾಣ್ಮೆ ಹೊಸದೇನಲ್ಲ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಇಟ್ಟಿಗೆಯ ಹಿಂದೆ ಡಾಂಬರಿನಂಥ ಬಿಟುಮೆನ್ ಪದರ, ಮೂಲೆಯಲ್ಲಿ ನೀರು ಹೋಗಲು ಬಾಯಿ, ಅದಕ್ಕೆ ದೊಡ್ಡ ಕಮಾನು ಚರಂಡಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾರೋ ಅಲ್ಲಿ ಇಳಿದು ಪಾಚಿ ಉಜ್ಜಿರಲೇಬೇಕು. ಈಗಿನ ಕೆಲವು ತೋಟದ ತೊಟ್ಟಿಗಳಿಗೆ ತಳದಲ್ಲಿ ತೂಬೇ ಇಲ್ಲ, ಬಕೆಟ್ಟಿನಲ್ಲಿ ಮೊಗೆಯಬೇಕು.

ಒಲಿಂಪಿಕ್ಸ್‌ನವರೂ ಎಡವಿದ್ದಾರೆ. 2016ರ ರಿಯೊ ಕೂಟದಲ್ಲಿ ಡೈವಿಂಗ್ ಕೊಳ ರಾತ್ರಿ ಬೆಳಗಾಗುವುದರೊಳಗೆ ಹಸಿರಾಯಿತು. ಗುತ್ತಿಗೆದಾರರು ಕೆಲವು ದಿನ ಮುಂಚೆ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರಂತೆ. ಅದು ಕ್ಲೋರಿನ್ನನ್ನೇ ನಿಷ್ಕ್ರಿಯ ಮಾಡಿತು. ಎರಡೂ ಶುಚಿಕಾರಕಗಳೇ, ಎರಡನ್ನೂ ಕೂಡಿಸಿದರೆ ಎರಡೂ ಇಲ್ಲ. ಇನ್ನೊಂದು ಕೊಳದಿಂದ ಸುಮಾರು 37 ಲಕ್ಷ ಲೀಟರ್ ನೀರು ಹೊರಹಾಕಿ ಹೊಸ ನೀರು ತುಂಬಬೇಕಾಯಿತು. ಪಾಚಿಗೆ ಮದ್ದು ಹೆಚ್ಚು ಬಗೆ ಹಾಕಿದಷ್ಟೂ ಒಳ್ಳೆಯದು ಎನ್ನುವವರಿಗೆ ಇದನ್ನು ಹೇಳಿ.

ಪಾಚಿಗೆ ಹೆದರಿ ಖಾಲಿ ಬಿಟ್ಟ ಕೊಳದಲ್ಲಿ ಒಂದು ಮಳೆಯ ನೀರು ನಿಂತರೆ ಸೊಳ್ಳೆ ಬರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ನೀರಿನ ಅಂಚಿಗೆ ತುಸು ಮೇಲೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು, ಮುಂದಿನ ನೀರು ಮುಟ್ಟಿದಾಗ ಒಡೆಯುತ್ತದೆ. ನೀರು ಚೆಲ್ಲಿದರೆ ಸಾಲದು, ನೀರಿನ ಗೆರೆಯ ಸುತ್ತ ಉಜ್ಜಬೇಕು ಎಂದು ಆರೋಗ್ಯ ಇಲಾಖೆಯವರು ಹೇಳುವುದು ಅದಕ್ಕೇ.

ಮದುರೆಯ ಜಿಗರ್ತಂಡಾ ಕುಡಿದವರು ಪಾಚಿ ತಿಂದಿರುತ್ತಾರೆ. ಅದರಲ್ಲಿ ಹಾಕುವ ‘ಕಡಲ್ ಪಾಸಿ’, ನಮ್ಮ ಅಂಗಡಿಯ ಚೀನಾ ಗ್ರಾಸ್, ಕೆಂಪು ಕಡಲ ಪಾಚಿಯಿಂದ ತೆಗೆದ ಅಗರ್. ಮನ್ನಾರ್ ಕೊಲ್ಲಿಯ ಪಾಚಿ ಮದುರೆ ಕಡೆಯ ಕಾರ್ಖಾನೆಗಳಿಗೆ ಬಂದು ಅಗರ್ ಆಗುತ್ತದೆ.

ತೊಳೆದ ಕೊಳಕ್ಕೆ ನೀರು ತುಂಬಿದ ಮೇಲಿನ ಮೊದಲ ವಾರದಲ್ಲೇ ಸೋಲು ಗೆಲುವು ಗೊತ್ತಾಗುತ್ತದೆ. ತೋಟದ ಬಾವಿ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಇದ್ದರೆ ಪಾಚಿಗೆ ಊಟ ಬಡಿಸಿದಂತೆಯೇ. ನೀರಿನ ಪಿಎಚ್ 7.5 ಇದ್ದರೆ ಕ್ಲೋರಿನ್ನಿನ ಅರ್ಧ ಪಾಲು ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಪಾಲು ಮಾತ್ರ. ಮಧ್ಯಾಹ್ನದ ಬಿಸಿಲು ಬೋಳು ಕ್ಲೋರಿನ್ನಿನ ಅರ್ಧವನ್ನು ಒಂದು ಗಂಟೆಯೊಳಗೆ ನುಂಗುತ್ತದೆ. ಸಯನೂರಿಕ್ ಆಸಿಡ್ ಎಂಬ ರಕ್ಷಕ ಪುಡಿ ಅದನ್ನು ತಡೆಯುತ್ತದೆ, ಆದರೆ ವಿಪರೀತವಾದರೆ ಕ್ಲೋರಿನ್ನಿನ ಕೈಯನ್ನೇ ಕಟ್ಟುತ್ತದೆ. ಕ್ಲೋರಿನ್ ಹಾಕಲು ಸಂಜೆಯೇ ಹೊತ್ತು. ಗೋಡೆ ಉಜ್ಜಲು ಹೊತ್ತಿಲ್ಲ, ದಿನವೂ ಉಜ್ಜಿ.